ಮರದ ಕತ್ತಿಗೂ ನೇಮವುಂಟು

ಬಚ್ಚಲಲ್ಲಿ ಜಾರಿ ಬಿದ್ದವರು ಯಾರ ಮನೆಯಲ್ಲಿಲ್ಲ ಹೇಳಿ? ಬಿದ್ದ ನೋವು ಎಣ್ಣೆ ತಿಕ್ಕಿ ಕಾವು ಕೊಟ್ಟರೆ ಇಳಿಯುತ್ತದೆ. ಬಿದ್ದ ಹೆದರಿಕೆ ಮಾತ್ರ ಮೈಯೊಳಗೇ ಮನೆ ಮಾಡಿಕೊಂಡು ಕೂತುಬಿಡುತ್ತದೆ. ಕೊಟ್ಟೂರಿನ ಸೇಂಗಾ ವ್ಯಾಪಾರಿ ಶಿವಯೋಗಪ್ಪನವರ ಹೆಂಡತಿ ದಾಕ್ಷಾಯಣಮ್ಮನಿಗೆ ಆದದ್ದೂ ಅದೇ. ಸೊಂಟದ ನೋವು ಹೋಗಿ ಎಷ್ಟೋ ದಿನವಾಗಿತ್ತು. ಆದರೂ ಹೊಸ್ತಿಲು ದಾಟಬೇಕಾದರೆ ಗೋಡೆ ಹಿಡಿಯುತ್ತಿದ್ದರು. ಗೋಡೆ ಮುಗಿದ ಕಡೆ ಸೊಸೆ ಭಾಗ್ಯಳ ಕೈ ಹಿಡಿಯುತ್ತಿದ್ದರು.

ಭಾಗ್ಯ ಏಳನೇ ತರಗತಿಗೇ ಶಾಲೆ ಬಿಟ್ಟವಳು. ಮಾತು ಕಡಿಮೆ. ನಾಲ್ಕು ಜನ ಸೇರಿದ ಕಡೆ ಬಾಯಿ ಬಿಡೆಂದರೆ ಸೆರಗಿನ ತುದಿ ಸುತ್ತುತ್ತ ನಿಂತುಬಿಡುವಳು. ಆದರೆ ಅವಳ ಕಣ್ಣಿಗೆ ಬೀಳದೆ ಹೋಗುವುದು ಯಾವುದೂ ಇರಲಿಲ್ಲ. ಹಾಲು ಉಕ್ಕುವ ಮೊದಲೇ ಒಲೆಯ ಕಡೆ ನಡೆಯುತ್ತಿದ್ದಳು. ಅತ್ತೆ ತಡವರಿಸುವ ಮೊದಲೇ ಅವಳ ಕೈ ಮುಂದೆ ಚಾಚಿರುತ್ತಿತ್ತು.

ಎರಡು ಸಾವಿರದ ನಾಲ್ಕನೇ ಇಸವಿಯ ಮಾತಿದು. ಹೈಸ್ಕೂಲಿನ ಡ್ರಿಲ್ ಟೀಚರ್ ಪುಷ್ಪಲತಾ ಪ್ರತಿ ಬೇಸಿಗೆ ರಜೆಯಲ್ಲಿ ಮೈಸೂರಿನ ಶಿಬಿರಕ್ಕೆ ಹೋಗಿ ತಾಯ್ ಚಿ ಎಂಬ ಚೀನಾ ದೇಶದ ವ್ಯಾಯಾಮ ಕಲಿತು ಬಂದಿದ್ದರು. ಓಡುವುದಿಲ್ಲ, ಜಿಗಿಯುವುದಿಲ್ಲ. ನೀರಿನೊಳಗೆ ನಡೆದ ಹಾಗೆ ನಿಧಾನವಾಗಿ ಕೈಕಾಲು ಆಡಿಸುವುದು. ಮೈಯ ಭಾರ ಯಾವ ಕಾಲಿನ ಮೇಲಿದೆ ಎಂದು ತಿಳಿದು ಹೆಜ್ಜೆ ಇಡುವುದು. ಕೈ ಪಳಗಿದ ಮೇಲೆ ಅದನ್ನೇ ಕತ್ತಿ ಹಿಡಿದು ಮಾಡುವುದು. ಇದನ್ನು ಕಲಿತರೆ ಬೀಳುವ ಹೆದರಿಕೆ ಹೋಗುತ್ತದೆ, ನಾನೇ ಕಲಿಸುತ್ತೇನೆ ಎಂದು ಅವರು ಹೇಳಿದಾಗ ದಾಕ್ಷಾಯಣಮ್ಮ ಒಪ್ಪಿಬಿಟ್ಟರು.

"ಈ ವಯಸ್ಸಿಗೆ ಕತ್ತಿ ಹಿಡ್ದು ಯಾವ ಕ್ವಾಟಿ ಕೊತ್ತಲ ಗೆಲ್ಲಾಕ ಹೊಂಟೀರಿ?" ಎಂದು ಶಿವಯೋಗಪ್ಪ ನಕ್ಕರು.

"ಮೊದ್ಲು ನಮ್ಮನಿ ಬಚ್ಚಲಾ ಗೆಲ್ತೀನಿ. ಕ್ವಾಟಿ ಆಮ್ಯಾಲೆ ನೋಡೂಣು" ಎಂದರು ದಾಕ್ಷಾಯಣಮ್ಮ.

ನಗುತ್ತಲೇ ಶಿವಯೋಗಪ್ಪ ತಮ್ಮ ಖಾಲಿ ಸೇಂಗಾ ಗೋದಾಮನ್ನು ಬೆಳಗಿನ ಹೊತ್ತು ಬಿಟ್ಟುಕೊಟ್ಟರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಬಡಗಿ ಮಕ್ತುಂ ಸಾಬರ ಹೆಂಡತಿ ಫಕೀರಬಿ ಬಂದಳು, ಹಿಟ್ಟಿನ ಗಿರಣಿಯ ಎರ್ರೆಮ್ಮ ಬಂದಳು. ಅತ್ತೆಯ ಕೈ ಹಿಡಿದು ಭಾಗ್ಯಳೂ ಬಂದಳು. ಬಂದವಳು ಮೂಲೆಯಲ್ಲಿ ಒಟ್ಟಿದ್ದ ಖಾಲಿ ಗೋಣಿಚೀಲಗಳ ಪಕ್ಕ ಕೂತಳು. ಅವಳ ಕೆಲಸ ನೋಡುವುದು.

ಕೆಲವು ತಿಂಗಳು ಬರಿಗೈ ಪಾಠ ನಡೆಯಿತು. ಆಮೇಲೆ ಮಕ್ತುಂ ಸಾಬರು ಬೇವಿನ ಕಟ್ಟಿಗೆಯಲ್ಲಿ ಕತ್ತಿಗಳನ್ನು ಮಾಡಿಕೊಟ್ಟರು. ಸಿಬಿರು ಏಳದ ಹಾಗೆ ಉಜ್ಜಿ, ಹಿಡಿಕೆಯ ತುದಿಗೆ ಕೆಂಪು ಗೊಂಡೆ ಕಟ್ಟಿದ್ದರು. ಮದುವೆ ಹೆಣ್ಣನ್ನು ನೋಡುವಂತೆ ಎಲ್ಲರೂ ಅವನ್ನು ತಿರುಗಿಸಿ ಮುರುಗಿಸಿ ನೋಡಿದರು. ಟೀಚರ್ ಚಪ್ಪಾಳೆ ತಟ್ಟಿ ಕರೆದರು.

"ಇಲ್ಲಿ ಕೇಳ್ರಿ. ಕತ್ತಿ ಮರದ್ದಾಗ್ಲಿ, ಕಬ್ಬಿಣದ್ದಾಗ್ಲಿ, ಕೈಯಾಗ ಹಿಡಿದ ಮ್ಯಾಲೆ ಅದು ಹರಿತ ಐತಿ ಅಂತನ ತಿಳೀಬೇಕು. ನಡದಾಡುವಾಗ ಎಡಗೈಯಾಗ ಹಿಡ್ಕೊಂಡು ಅಲಗು ತೋಳಿನ ಹಿಂದ ಇರಬೇಕು. ನಿಮ್ಮ ತೋಳು, ಅದರ ಮುಂದ ನಿಮ್ಮ ಕತ್ತಿ, ಅಷ್ಟೂ ಚಾಚಿ ಸುತ್ತ ತಿರುಗಿದ್ರ ಯಾರಿಗೂ ತಾಗಬಾರದು, ಅಷ್ಟು ದೂರ ನಿಲ್ರಿ. ಹಿಂದಕ್ಕ ಹೆಜ್ಜಿ ಇಡೂ ಮುಂಚೆ ತಿರುಗಿ ನೋಡ್ರಿ. ಮತ್ತೊಬ್ಬರ ಕತ್ತಿ ಕೇಳದ ಮುಟ್ಟಬ್ಯಾಡ್ರಿ."

"ಯವ್ವಾ, ಇದು ಮದುವಿ ಶಾಸ್ತ್ರಕ್ಕಿಂತ ಜಾಸ್ತಿ ಆತಲ್ಲ!" ಎಂದರು ದಾಕ್ಷಾಯಣಮ್ಮ. "ಹುಟ್ಟಿದಾಗಿಂದ ಕುಡಗೋಲು, ಈಳಿಗಿ ಹಿಡ್ದ ಕೈ ಇವು. ಕಟ್ಟಿಗಿ ಸೌಟಿಗೆ ಯಾರು ಇಷ್ಟು ಹೆದರ್ತಾರ ಟೀಚರ್?"

"ಕುಡಗೋಲು ಹಿಡ್ದಾಗ ನಿಮ್ಮ ಮುಂದ ಬೆಳಿ ಇರ್ತಾವ. ಇಲ್ಲಿ ಫಕೀರಬಿ ಅದಾಳ" ಎಂದರು ಟೀಚರ್.

"ನನ್ನನ್ನ ಕೊಯ್ದ್ರ ಏನೂ ಸಿಗಂಗಿಲ್ರೀ, ಬರೇ ಎಲುಬು" ಎಂದಳು ಫಕೀರಬಿ. ಗೋದಾಮು ಮೊಳಗುವಂತೆ ಎಲ್ಲರೂ ನಕ್ಕರು. ನೇಮದ ಮಾತು ಆ ನಗುವಿನಲ್ಲೇ ತೇಲಿ ಹೋಯಿತು.

ಕತ್ತಿಗಳಿಗಿಂತ ಕಲಿಯುವವರು ಹೆಚ್ಚಿದ್ದರು. ಒಂದು ಸಾಲು ಮುಗಿಸಿದವರು ಮುಂದಿನ ಸಾಲಿಗೆ ಕತ್ತಿ ಕೊಡಬೇಕು. ಹಿಡಿಕೆಯನ್ನು ತೆಗೆದುಕೊಳ್ಳುವವರ ಕಡೆ ಚಾಚಬೇಕು, ಅವರು ಗಟ್ಟಿಯಾಗಿ ಹಿಡಿದು "ಹಿಡಿದೆ" ಎಂದ ಮೇಲೆಯೇ ಕೈ ಬಿಡಬೇಕು ಎಂದು ಟೀಚರ್ ತೋರಿಸಿಕೊಟ್ಟರು. ಅಲ್ಲಿಗೆ ದಾಕ್ಷಾಯಣಮ್ಮ ಅಡ್ಡ ನಿಂತರು.

"ಅದೊಂದು ಆಗಂಗಿಲ್ಲ ನೋಡ್ರಿ. ಕತ್ರಿ, ಕುಡಗೋಲು ಇಂಥಾವ್ನ ಕೈಯಿಂದ ಕೈಗೆ ಕೊಟ್ರ ಕೊಟ್ಟಾರಿಗೂ ತಗೊಂಡಾರಿಗೂ ಜಗಳ ಬರ್ತೈತಿ. ನೆಲಕ್ಕ ಇಡಬೇಕು. ಬೇಕಾದಾರು ತಗೋಬೇಕು."

"ಹೌದ್ರಿ, ನಮ್ಮವ್ವನೂ ಹಂಗ ಅಂತಿದ್ಲು" ಎಂದಳು ಎರ್ರೆಮ್ಮ. ಎಲ್ಲರೂ ತಲೆಯಾಡಿಸಿದರು. ಭಾಗ್ಯಳ ತವರಿನಲ್ಲೂ ಅದೇ ರೂಢಿ. ಕತ್ತರಿ ಕೇಳಿದರೆ ಅವ್ವ ಅದನ್ನು ಕಟ್ಟೆಯ ಮೇಲಿಡುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ.

ಟೀಚರ್ ಎಷ್ಟೋ ಹೇಳಿದರು. ಅವರ ಎದುರಿಗೆ ಹೂಂ ಎಂದ ಹೆಂಗಸರು ಅವರು ಬೆನ್ನು ತಿರುಗಿಸಿದ ಕೂಡಲೇ ಕತ್ತಿಯನ್ನು ನೆಲಕ್ಕಿಡುತ್ತಿದ್ದರು.

ಏನೇ ಇರಲಿ, ಪಾಠ ಫಲ ಕೊಟ್ಟಿತು. ದಾಕ್ಷಾಯಣಮ್ಮ ಮೊದಲು ಗೋಡೆ ಬಿಟ್ಟರು. ಆಮೇಲೆ ಒಂದು ದಿನ ಗೋದಾಮಿನಿಂದ ಮನೆಗೆ ಬರುವಾಗ ಸೊಸೆಯ ಕೈಯನ್ನೂ ಬಿಟ್ಟರು. ಭಾಗ್ಯ ಒಂದು ಹೆಜ್ಜೆ ಹಿಂದೆಯೇ ನಡೆದಳು, ಕಣ್ಣು ಮಾತ್ರ ಅತ್ತೆಯ ಪಾದದ ಮೇಲಿತ್ತು. ಪಾದ ನಡುಗಲಿಲ್ಲ.

"ನೋಡಿದೇನ ಭಾಗ್ಯಾ? ಇನ್ನು ಸಂತಿಗೆ ನಾನ ಹೋಗಾಕಿ. ನೀ ತರೋ ಬದನಿಕಾಯಿ ತಿಂದು ಸಾಕಾಗೈತಿ" ಎಂದರು ದಾಕ್ಷಾಯಣಮ್ಮ. ಭಾಗ್ಯ ನಕ್ಕಳು. ತನ್ನ ಬದನೆಕಾಯಿಯನ್ನು ಬೈದದ್ದಕ್ಕೆ ಅವಳಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಆ ಸಂತೋಷಕ್ಕೇ ಕಲ್ಲು ಬಿತ್ತು.

ಅವತ್ತು ಬೆಳಿಗ್ಗೆ ದಾಕ್ಷಾಯಣಮ್ಮನ ಸಾಲು ಮುಗಿದಿತ್ತು. ಅವರು ಕತ್ತಿಯನ್ನು ಎರ್ರೆಮ್ಮನಿಗೆಂದು ನೆಲದ ಮೇಲಿಟ್ಟು ನೀರು ಕುಡಿಯಲು ಹೋದರು. ಎರ್ರೆಮ್ಮ ಸೆರಗು ಬಿಗಿಯುತ್ತ ತಡ ಮಾಡಿದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಫಕೀರಬಿ ತಿರುಗಿ ನೋಡದೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಹಿಮ್ಮಡಿ ಉರುಟು ಹಿಡಿಕೆಯ ಮೇಲೆ ಬಿತ್ತು. ಕತ್ತಿ ಜಾರಿ ಗೋಣಿಚೀಲಗಳ ಕಡೆ ಹೋಯಿತು. ಫಕೀರಬಿ ಅಂಗೈ ಊರಿ ಧೊಪ್ಪನೆ ಬಿದ್ದಳು.

"ಯಾ ಅಲ್ಲಾ!"

ಎಲ್ಲರೂ ತಮ್ಮ ತಮ್ಮ ಕತ್ತಿಗಳನ್ನು ಅಲ್ಲಲ್ಲೇ ಬಿಸಾಡಿ ಓಡಿದರು. ಕ್ಷಣದಲ್ಲಿ ನೆಲದ ತುಂಬ ಕತ್ತಿಗಳು. ಫಕೀರಬಿ ಯಾವುದನ್ನು ಮೆಟ್ಟಿದಳು, ಯಾಕೆ ಬಿದ್ದಳು, ಯಾರಿಗೂ ಗೊತ್ತಾಗಲಿಲ್ಲ. ಗೋಣಿಚೀಲದ ಪಕ್ಕ ಕೂತಿದ್ದ ಭಾಗ್ಯಳೊಬ್ಬಳಿಗೆ ಗೊತ್ತಿತ್ತು. ಆ ಕತ್ತಿ ಅವಳ ಕಾಲ ಬಳಿಗೇ ಬಂದು ನಿಂತಿತ್ತು.

ಎಲುಬು ಮುರಿದಿಲ್ಲ, ಮಣಿಕಟ್ಟು ಉಳುಕಿದೆ ಎಂದು ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದರು. ಊರಿನ ಬಾಯಿಗೆ ಪಟ್ಟಿ ಕಟ್ಟುವವರು ಯಾರು? ಸಂಜೆಯ ಹೊತ್ತಿಗೆ ಗೋದಾಮಿನ ಮುಂದೆ ಜನ ಸೇರಿದರು.

"ಆಯುಧಪೂಜಿ ಮಾಡ್ಲಾರದ ಕತ್ತಿ ಹಿಡಿದ್ರ ಹಿಂಗ ಆಗೋದು" ಎಂದರೊಬ್ಬರು.

"ಕೆಟ್ಟ ಕಣ್ಣು ಬಿದ್ದೈತಿ" ಎಂದಳು ಎರ್ರೆಮ್ಮ.

"ಕಣ್ಣು ಗಿಣ್ಣು ಅಲ್ಲ. ಹೆಣ್ಮಕ್ಕಳಿಗೆ ಕತ್ತಿ ಕಲಿಸಿದ್ದ ತಪ್ಪು. ಟೀಚರ್‌ಗೆ ಕೇಳ್ರಿ!"

ಪುಷ್ಪಲತಾ ಟೀಚರ್ ತಲೆ ತಗ್ಗಿಸಿ ನಿಂತಿದ್ದರು. "ಹೌದ್ರಿ, ನಾ ಇನ್ನೂ ಬಿಗಿ ಮಾಡಬೇಕಾಗಿತ್ತು" ಎಂದಷ್ಟೇ ಹೇಳಿದರು.

ಶಿವಯೋಗಪ್ಪ ಜೇಬಿನಿಂದ ಬೀಗ ತೆಗೆದರು. "ಆತು, ಸಾಕು ಮಾಡ್ರಿ. ಇವತ್ತು ಕೈ ಉಳುಕೈತಿ, ನಾಳೆ ಯಾರದರ ಕಣ್ಣು ಹೋದ್ರ? ನಾಳಿಂದ ಪಾಠ ಇಲ್ಲ."

ಆ ಮಾತು ಕೇಳಿದ ಕೂಡಲೇ ದಾಕ್ಷಾಯಣಮ್ಮನ ಕೈ ಗಾಳಿಯಲ್ಲಿ ತಡಕಾಡಿ ಗೋಡೆ ಹಿಡಿದುಕೊಂಡಿತು. ಬೇರೆ ಯಾರೂ ಅದನ್ನು ನೋಡಲಿಲ್ಲ. ಭಾಗ್ಯ ನೋಡಿದಳು. ಪಾಠ ನಿಂತರೆ ಅತ್ತೆ ಮತ್ತೆ ಆ ಗೋಡೆಯನ್ನು ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಬಾಯಿ ಬಿಟ್ಟರೆ ಅತ್ತೆಯ ಮರ್ಯಾದೆ ಹೋಗುತ್ತದೆ. ಬಿಡದಿದ್ದರೆ ಅತ್ತೆಯ ಕಾಲೇ ಹೋಗುತ್ತದೆ. ಸೆರಗಿನ ತುದಿ ಸುತ್ತಿ ಸುತ್ತಿ ಹುರಿಯಾಯಿತು.

"ಮಾವಾರ..." ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ, ತುಸು ಜೋರಾಗಿ, "ಮಾವಾರ, ದೃಷ್ಟಿ ಅಲ್ರಿ. ಟೀಚರ್ ತಪ್ಪೂ ಅಲ್ಲ. ಕತ್ತಿ ನೆಲದ ಮ್ಯಾಲಿತ್ತು. ಫಕೀರಬಿ ಆಂಟಿ ಹಿಂದ ನೋಡ್ಲಿಲ್ಲ, ಅದರ ಮ್ಯಾಲೆ ಕಾಲಿಟ್ರು."

"ನೆಲದ ಮ್ಯಾಲ ಇಟ್ಟಾರು ಯಾರು?" ಎಂದರು ಶಿವಯೋಗಪ್ಪ.

ಭಾಗ್ಯ ಅತ್ತೆಯ ಮುಖ ನೋಡಿದಳು. ಕಣ್ಣು ತುಂಬಿ ಬಂತು. "ಅತ್ತಿಯವ್ರು ಎರ್ರೆಮ್ಮಕ್ಕನಿಗಂತ ಇಟ್ಟಿದ್ರು. ಕೈಯಿಂದ ಕೈಗೆ ಕೊಡಬಾರದಲ್ರೀ, ಅದಕ್ಕ."

ಗದ್ದಲ ನಿಂತಿತು. ಭಾಗ್ಯ ಅಲ್ಲಿಂದ ಓಡಿಹೋಗಬೇಕು ಎನ್ನುವಷ್ಟರಲ್ಲಿ ದಾಕ್ಷಾಯಣಮ್ಮ ಗೋಡೆ ಬಿಟ್ಟು ಮುಂದೆ ಬಂದರು.

"ಈ ಹುಡುಗಿ ಸುಳ್ಳು ಹೇಳಂಗಿಲ್ಲ. ನಾನ ಇಟ್ಟೆ. ಟೀಚರ್ ಬ್ಯಾಡ ಬ್ಯಾಡ ಅಂದ್ರೂ ದಿನಾ ಇಟ್ಟೆ. ಫಕೀರಬಿ, ನಿನ್ನ ಕೈಗೆ ಪೆಟ್ಟು ಮಾಡಿದಾಕಿ ನಾನು ಕಣವ್ವಾ."

ಫಕೀರಬಿ ಪಟ್ಟಿ ಕಟ್ಟಿದ ಕೈಯನ್ನು ಎದೆಗಾನಿಸಿಕೊಂಡು ಕೂತಿದ್ದಳು. ಅವಳ ಮುಖದಲ್ಲಿ ಮೆಲ್ಲಗೆ ನಗು ಮೂಡಿತು. "ಅಲ್ಲಬೇ ಯಕ್ಕಾ, ಇಬ್ಬರ ನಡುವೆ ಜಗಳ ಬರಬಾರದಂತ ನೆಲಕ್ಕಿಟ್ಟಿ. ಈಗ ನೋಡು, ಓಣಿಗೆ ಓಣಿನ ಜಗಳಕ್ಕ ನಿಂತೈತಿ!"

ಮೊದಲು ಎರ್ರೆಮ್ಮ ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು. ಬೀಗ ಹಿಡಿದ ಶಿವಯೋಗಪ್ಪನವರ ಮೀಸೆಯೂ ಅಲುಗಿತು.

ಆಗ ಮಕ್ತುಂ ಸಾಬರು ಬಾಯಿಬಿಟ್ಟರು. "ನೋಡಮ್ಮಾ, ರೂಢಿ ಬಿಡ್ರಿ ಅನ್ನಾಕ ನಾ ಯಾರು? ಗ್ವಾಡಿಗೆ ಒಂದು ಕಟ್ಟಿಗಿ ಸ್ಟ್ಯಾಂಡ್ ಹೊಡ್ದು ಕೊಡ್ತೀನಿ. ಮುಗಿಸಿದಾರು ಅದರಾಗ ಇಡ್ರಿ, ಬೇಕಾದಾರು ಅದರಿಂದ ತಗೋರ್ರಿ."

"ಅಂದ್ರ ಕೈಯಿಂದ ಕೈಗೂ ಅಲ್ಲ, ನೆಲಕ್ಕೂ ಅಲ್ಲ" ಎಂದರು ದಾಕ್ಷಾಯಣಮ್ಮ, ಬಾಯಿಗೆ ಹಾಕಿದ ಬೆಲ್ಲ ಕರಗಿದವರಂತೆ.

"ಅಷ್ಟ ಸಾಕ್ರಿ" ಎಂದರು ಟೀಚರ್. "ಕತ್ತಿ ನೆಲಕ್ಕ ಬೀಳಬಾರದು, ಬಿದ್ದ ಕತ್ತಿ ಯಾರೂ ದಾಟಬಾರದು. ಮತ್ತೊಂದು ನೇಮ ಇವತ್ತಿಂದ ಸೇರಸ್ತೀನಿ. ಆಡಾರ ಕಣ್ಣು ತಮ್ಮ ಕತ್ತಿ ಮ್ಯಾಲ ಇರ್ತೈತಿ. ಎಲ್ಲರನ್ನೂ ನೋಡಾಕ ಹೊರಗ ಒಬ್ಬರು ಬೇಕು. ಅವರು 'ನಿಲ್ರಿ' ಅಂದ್ರ ಕೈ ಎಲ್ಲೈತೋ ಅಲ್ಲೇ ನಿಲ್ಲಬೇಕು. ಆ ಕೆಲಸ ಭಾಗ್ಯಂದು."

ಭಾಗ್ಯ ಗಾಬರಿಯಾದಳು. "ನಾನಾ? ನನ್ನ ದನಿ ನಮ್ಮನಿ ಬೆಕ್ಕೂ ಕೇಳಂಗಿಲ್ರಿ ಟೀಚರ್."

"ಇವತ್ತು ಊರೇ ಕೇಳ್ತಲ್ಲವ್ವಾ" ಎಂದರು ದಾಕ್ಷಾಯಣಮ್ಮ.

ಶಿವಯೋಗಪ್ಪ ಇನ್ನೂ ಒಪ್ಪಿರಲಿಲ್ಲ. ವ್ಯಾಪಾರಿ ಮನುಷ್ಯ, ಮಾಲು ನೋಡದೆ ಬೆಲೆ ಹೇಳುವವರಲ್ಲ. "ಮುಂದಿನ ತಿಂಗಳು ಹಗರಿಬೊಮ್ಮನಹಳ್ಳಿಯಾಗ ಮಹಿಳಾ ಸಂಘದಾರ ಕೂಟ ಐತಲ್ಲ, ಅಲ್ಲಿ ಆಡಿ ತೋರಿಸ್ರಿ. ನಾನೂ ಬರ್ತೀನಿ. ಅಲ್ಲಿ ಒಬ್ಬರ ಮೈಮ್ಯಾಲೆ ಒಂದು ಗೀರು ಬಿದ್ರೂ ಈ ಬೀಗ ಬಿತ್ತು ಅಂತ ತಿಳೀರಿ."

ಅಲ್ಲಿಂದ ಮುಂದಿನ ಬೆಳಗುಗಳನ್ನು ನೋಡಬೇಕಿತ್ತು! ನೇಮ ಕೇಳಿ ನಕ್ಕಿದ್ದ ದಾಕ್ಷಾಯಣಮ್ಮನೇ ಈಗ ನೇಮದ ಪೊಲೀಸು.

"ಏ ಎರ್ರೆಮ್ಮಾ, ಸೆರಗು ಸೊಂಟಕ್ಕ ಸಿಗಸು. ಗಾಜಿನ ಬಳಿ ಹಿಂಗ ಹಾಕ್ಕೊಂಡು ಬಂದ್ರ ಒಡದು ಯಾರಿಗೆ ಚುಚ್ಚಬೇಕು? ಬಟ್ಟಿ ಸುತ್ತಿಕೋ."

"ಕೈ ಬೆವತೈತಲ್ಲ, ಒರಸ್ಕೋ. ಕತ್ತಿ ಹಾರಿ ಹೋದೀತು."

"ಮಾತು ಆಮ್ಯಾಲೆ ಆಡ್ರಿ. ಸೊಸಿ ಚಾಡಿ ಎಲ್ಲೂ ಓಡಿ ಹೋಗಂಗಿಲ್ಲ."

ಶುರು ಮಾಡುವ ಮೊದಲು ಪ್ರತಿಯೊಬ್ಬರೂ ತಮ್ಮ ಕತ್ತಿಯ ಮೇಲೆ ಬೆರಳಾಡಿಸಿ ಸಿಬಿರು ಎದ್ದಿದೆಯೇ, ಹಿಡಿಕೆ ಸಡಿಲಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಸಡಿಲಾದದ್ದು ಕಂಡರೆ ನಾಚಿಕೆಯಿಲ್ಲದೆ ಹೇಳಿ ಮಕ್ತುಂ ಸಾಬರ ಹತ್ತಿರ ಕಳಿಸುತ್ತಿದ್ದರು. ಟೀಚರಿಗೂ ಎದುರಿನವರಿಗೂ ತಲೆಬಾಗಿ ನಮಸ್ಕರಿಸಿ, ದೂರ ಅಳೆದು ನಿಲ್ಲುತ್ತಿದ್ದರು. ಮಂಡಿ ನೋಯುತ್ತಿದೆ ಎಂದವರನ್ನು ಟೀಚರ್ ಕೂಡಿಸಿಬಿಡುತ್ತಿದ್ದರು. ಕೂತವರನ್ನು ಯಾರೂ ಹಂಗಿಸುವಂತಿರಲಿಲ್ಲ. ಕೈ ಸರಿಹೋದ ಮೇಲೆ ಫಕೀರಬಿ ಡಾಕ್ಟರನ್ನು ಕೇಳಿಕೊಂಡೇ ಮರಳಿ ಸಾಲಿಗೆ ಬಂದಳು.

ಭಾಗ್ಯ ದಿನವೂ ಒಟ್ಟಿದ ಗೋಣಿಚೀಲಗಳ ಮೇಲೆ ಹತ್ತಿ ನಿಲ್ಲುತ್ತಿದ್ದಳು. "ನಿಲ್ರಿ" ಎಂದು ಮೊದಲ ದಿನ ಪಿಸುಗುಟ್ಟಿದಳು. "ಯಾರ ಕಿವ್ಯಾಗ ಗುಟ್ಟು ಹೇಳಾಕತ್ತೀ?" ಎಂದು ಫಕೀರಬಿ ಛೇಡಿಸಿದಳು. ಬರಬರುತ್ತ ಆ ದನಿ ಗೋದಾಮಿನ ತಗಡಿಗೆ ಬಡಿದು ತಿರುಗಿ ಬರತೊಡಗಿತು.

ಕೂಟದ ದಿನ ಹಗರಿಬೊಮ್ಮನಹಳ್ಳಿಯ ಶಾಲಾ ಬಯಲು ಕಿಕ್ಕಿರಿದಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯಿಂದಲೂ ಸಂಘದವರು ಬಂದಿದ್ದರು. ತಂಬ್ರಹಳ್ಳಿಯ ಹೆಂಗಸರ ಕೋಲಾಟ ಮುಗಿದ ಮೇಲೆ ಕೊಟ್ಟೂರಿನವರನ್ನು ಕರೆದರು. ಕತ್ತಿ ಎಂದದ್ದೇ ತಡ, ಜನ ಮುಂದಕ್ಕೆ ನೂಕಿದರು. ಟೀಚರ್ ಹಗ್ಗ ಹಿಡಿಸಿ ಎಲ್ಲರನ್ನೂ ಹಿಂದೆ ಸರಿಸಿದ ಮೇಲೆಯೇ ಆಟ ಶುರುವಾಯಿತು.

ಬಿಳಿ ಸೀರೆ, ಕೆಂಪು ಗೊಂಡೆ. ಎಲ್ಲ ಕತ್ತಿಗಳೂ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಗಾಳಿಗೆ ಜೋಳದ ಹೊಲ ಬಾಗಿದಂತಿತ್ತು. ಗೇಲಿ ಮಾಡಲೆಂದು ಬಂದ ಪಡ್ಡೆಗಳೂ ಬಾಯಿ ಮುಚ್ಚಿದರು. ಭಾಗ್ಯ ಒಂದು ಬೆಂಚಿನ ಮೇಲೆ ನಿಂತಿದ್ದಳು. ಅವಳು ಆ ಚೆಲುವನ್ನು ನೋಡುತ್ತಿರಲಿಲ್ಲ. ಅಂಚುಗಳನ್ನು ನೋಡುತ್ತಿದ್ದಳು.

ಹಗ್ಗದ ಕೆಳಗಿನಿಂದ ಒಂದು ಕೂಸು ನುಸುಳಿತು. ಈಗಷ್ಟೇ ನಡೆಯಲು ಕಲಿತ ಹೆಣ್ಣುಕೂಸು. ಕೆಂಪು ಗೊಂಡೆ ಕಂಡು, ಎರಡೂ ಕೈ ಚಾಚಿ, ನೇರವಾಗಿ ದಾಕ್ಷಾಯಣಮ್ಮನ ಬೆನ್ನ ಹಿಂದೆ ಹೊರಟಿತು. ದಾಕ್ಷಾಯಣಮ್ಮ ಒಂದು ಕಾಲೆತ್ತಿದ್ದರು. ಇನ್ನೊಂದು ಗಳಿಗೆಗೆ ಅವರು ತಿರುಗಬೇಕು, ಕತ್ತಿ ಕೆಳಗಿಳಿದು ಕೂಸಿನ ಹಣೆಯ ಎತ್ತರಕ್ಕೆ ಬೀಸಬೇಕು.

"ನಿಲ್ರಿ!"

ಅಷ್ಟು ದೊಡ್ಡ ದನಿ ತನ್ನದೇ ಎಂದು ಭಾಗ್ಯಳಿಗೆ ಆಮೇಲೆ ತಿಳಿಯಿತು.

ಕತ್ತಿಗಳು ಎಲ್ಲಿದ್ದವೋ ಅಲ್ಲೇ ನಿಂತವು. ಒಬ್ಬರೂ ತಿರುಗಿ ನೋಡಲಿಲ್ಲ, ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ದಾಕ್ಷಾಯಣಮ್ಮ ಎತ್ತಿದ ಕಾಲನ್ನು ಎತ್ತಿದ ಹಾಗೆಯೇ ಇಟ್ಟು, ಕತ್ತಿಯನ್ನು ಆಕಾಶಕ್ಕೆ ಚಾಚಿ, ಒಂಟಿಗಾಲಲ್ಲಿ ನಿಂತರು. ಭಾಗ್ಯ ಬೆಂಚಿನಿಂದ ಧುಮುಕಿದಳು. ಹೊರಗಿನಿಂದ ಸುತ್ತಿ ಬಂದು, ಕೂಸನ್ನು ಎತ್ತಿಕೊಂಡು, ಅಳುತ್ತ ಓಡಿಬಂದ ತಾಯಿಯ ಮಡಿಲಿಗಿಟ್ಟಳು. ಅಷ್ಟು ಹೊತ್ತೂ ದಾಕ್ಷಾಯಣಮ್ಮನ ಪಾದ ಅಲುಗಲಿಲ್ಲ.

ಬಯಲು ಚಪ್ಪಾಳೆಯಿಂದ ಸಿಡಿಯಿತು. ಹಿಂದೆ ಕೂತವರು ಅದೂ ಆಟದ ಒಂದು ಪಟ್ಟೆಂದೇ ತಿಳಿದರು. ಮುಂದೆ ಕೂತವರಿಗೆ ಏನಾಯಿತೆಂದು ಗೊತ್ತಿತ್ತು, ಅವರು ಎದ್ದು ನಿಂತು ತಟ್ಟಿದರು.

ಶಿವಯೋಗಪ್ಪನವರ ಪಕ್ಕದಲ್ಲಿ ಹರಪನಹಳ್ಳಿಯ ಒಬ್ಬ ಹಿರಿಯರಿದ್ದರು. "ಆ ಒಂಟಿ ಕಾಲಾಗೆ ನಿಂತಿದ್ದ ಹೆಣ್ಮಗಳು ಯಾರ್ರೀ?" ಎಂದು ಕೇಳಿದರು.

"ನಮ್ಮಾಕಿ" ಎಂದರು ಶಿವಯೋಗಪ್ಪ. ಅವರ ಕಣ್ಣು ಒದ್ದೆಯಾಗಿತ್ತು.

"ಮತ್ತೆ ಹಂಗೆ ಕೂಗಿದ ಹುಡುಗಿ?"

"ಆಕಿನೂ ನಮ್ಮಾಕಿನ. ನಮ್ಮ ಸೊಸಿ." ಎರಡು ಸಲ ಹೇಳಿದರು. ಒಂದು ಸಲ ಸಾಲದೆನಿಸಿತು.

ಆಟ ಮುಗಿದ ಮೇಲೆ ಅವರೇ ಟೀಚರ ಬಳಿ ಬಂದರು. "ಟೀಚರ್, ಸುಗ್ಗಿ ಬಂದ್ರೂ ಗೋದಾಮು ನಿಮ್ಮದ. ನನ್ನ ಸೇಂಗಾ ಎಲ್ಲಿ ಬೇಕಾದ್ರೂ ಬಿದ್ದಿರ್ತಾವ."

"ಸೇಂಗಾ ಬೀಳ್ಲಿ, ಕತ್ತಿ ಬೀಳಬಾರದು ಅಷ್ಟ" ಎಂದರು ದಾಕ್ಷಾಯಣಮ್ಮ. ಎಲ್ಲರೂ ನಗುತ್ತ ಬಸ್ ಹತ್ತಿದರು. ಭಾಗ್ಯಳಿಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟು, ದಾಕ್ಷಾಯಣಮ್ಮ ಕಂಬಿ ಹಿಡಿದು ನಿಂತೇ ಕೊಟ್ಟೂರಿಗೆ ಬಂದರು.

ಅಕ್ಕಂದಿರೇ, ತಂಗಿಯರೇ, ಅಣ್ಣಂದಿರೇ, ನಿಮ್ಮ ಊರಲ್ಲೂ ಕತ್ತಿಯ ಪಾಠವಿರಬಹುದು, ದೊಣ್ಣೆವರಸೆ ಇರಬಹುದು, ಕೋಲಾಟವಿರಬಹುದು. ಹೆದರಿ ಮನೆಯಲ್ಲಿ ಕೂರಬೇಡಿ, ಹೋಗಿ ಕಲಿಯಿರಿ. ನೋವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ ಕೇಳಿ. ಬಲ್ಲವರ ಮುಂದೆ ಮಾತ್ರ ಆಡಿ, ಅವರು ಹೇಳಿದ ನೇಮವನ್ನು ಅವರ ಬೆನ್ನ ಹಿಂದೆಯೂ ಪಾಲಿಸಿ. ನಿಮ್ಮ ಕೈಯಲ್ಲಿರುವುದು ಬರೀ ಕಟ್ಟಿಗೆ ಎಂದು ನಿಮಗೆ ಅನಿಸಬಹುದು, ಪಕ್ಕದಲ್ಲಿ ನಿಂತವರ ಕಣ್ಣಿಗೆ ಅದು ಕತ್ತಿಯೇ. ತಪ್ಪು ಕಂಡರೆ ನಾಚಬೇಡಿ, "ನಿಲ್ಲಿ" ಎಂದು ಕೂಗಿ. ಕೂಗು ಕೇಳಿದರೆ ಕಾರಣ ಕೇಳದೆ ನಿಲ್ಲಿ. ಬೀಸುವ ಕೈಯನ್ನು ನಡುವೆಯೇ ತಡೆದು ನಿಲ್ಲಿಸಬಲ್ಲವರ ಸುತ್ತ ಕೂಸುಗಳೂ ನಿರ್ಭಯವಾಗಿ ಓಡಾಡುತ್ತವೆ.